ತಾರೀಕು ಖಾಲಿ ಬಿಟ್ಟ ತಿಥಿ ಕಾರ್ಡು

ವ್ಯಾಪಾರದಲ್ಲಿ ಮುಂದೆ ಬರಬೇಕಾದವನು ಮೊದಲು ಜನರ ಕಷ್ಟಕ್ಕೆ ಆಗಬೇಕು ಎಂದು ನಾನು ನಂಬಿದ್ದೆ. ಈಗಲೂ ನಂಬಿದ್ದೇನೆ. ವ್ಯಾಪಾರ ಮಾತ್ರ ಈಗ ಇಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಎಂಟು ವರ್ಷ ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದವನು ನಾನು. ಪತ್ರಿಕೆಗೆ ಕಂಪ್ಯೂಟರ್ ಬಂತು. ಒಂದೊಂದೇ ಅಚ್ಚಿನ ಮೊಳೆ ಹೆಕ್ಕಿ ಸಾಲು ಜೋಡಿಸುತ್ತಿದ್ದ ಪುಟ್ಟಸ್ವಾಮಣ್ಣನನ್ನು ಮನೆಗೆ ಕಳಿಸಿದರು. ಐವತ್ತೆರಡು ವಯಸ್ಸು, ಬೇರೆ ಕೆಲಸ ಬರುವುದಿಲ್ಲ. ಅದೇ ತಿಂಗಳು ನಾನೂ ರಾಜೀನಾಮೆ ಕೊಟ್ಟು ನನ್ನ ಊರು ನಾಗಮಂಗಲಕ್ಕೆ ಬಂದೆ. ಕಾಲಲ್ಲಿ ತುಳಿದು ಅಚ್ಚು ಹಾಕುವ ಹಳೆಯ ಟ್ರೆಡಲ್ ಮಿಷನ್ನೊಂದನ್ನು ಮನೆಯ ಮುಂದಿನ ಕೋಣೆಯಲ್ಲಿ ಇಳಿಸಿ, ಪುಟ್ಟಸ್ವಾಮಣ್ಣನನ್ನು ಕರೆಸಿಕೊಂಡು, "ನಾನಿರೋವರೆಗೂ ನಿಮ್ಮ ಕೈಗೆ ಮಸಿ ತಪ್ಪೋದಿಲ್ಲ" ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ನನ್ನ ಧ್ವನಿ ಬಹಳ ಚೆನ್ನಾಗಿತ್ತು.

ಮುಂದಿನ ಕೋಣೆಯಲ್ಲಿ ಅಲ್ಲಿಯವರೆಗೆ ನನ್ನ ಹೆಂಡತಿ ಸರೋಜ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವಳು ಒಂದೇ ಷರತ್ತು ಹಾಕಿದಳು.

"ಯುಗಾದಿ ತನಕ ಟೈಮು. ಅಷ್ಟರಲ್ಲಿ ಮದುವೆ ಪತ್ರಿಕೆ ಕೆಲಸ ಬಂದ್ರೆ ಕೋಣೆ ನಿಮ್ಮದು. ಬರದಿದ್ರೆ ನನ್ನದು."

ನ್ಯಾಯವಾದ ಮಾತೇ. ತಾಲ್ಲೂಕಿನಲ್ಲಿ ಪ್ರೆಸ್ಸು ಉಳಿಯುವುದು ಮದುವೆ ಆಹ್ವಾನ ಪತ್ರಿಕೆಯಿಂದ. ಉಳಿದದ್ದೆಲ್ಲ ಚಿಲ್ಲರೆ. ನಾಲ್ಕು ತಿಂಗಳಲ್ಲಿ ನಮಗೆ ಬಂದದ್ದು ಚಿಲ್ಲರೆ ಮಾತ್ರ: ಕುರಿ ಕಳೆದುಹೋದ ಕರಪತ್ರ ಒಂದು, ಕುರಿ ಸಿಕ್ಕಿದ ಕರಪತ್ರ ಒಂದು.

ಆಗ ಪಾಂಡವಪುರದ ಬಸ್ ಸ್ಟಾಂಡಿನಲ್ಲಿ ಚನ್ನೇಗೌಡ ಸಿಕ್ಕಿದ. ಕಾಲೇಜಿನ ಗೆಳೆಯ, ಈಗ ವಿಮೆ ಏಜೆಂಟು. ಅವನಿಗೆ ನಾಲ್ಕು ತಾಲ್ಲೂಕಿನಲ್ಲೂ ಕುರ್ಚಿ ಹಾಕಿ ಕಾಫಿ ಕೊಡುತ್ತಿದ್ದರು. ನನ್ನ ಸ್ಥಿತಿ ಕೇಳಿ ಅವನು ನಕ್ಕ.

"ಲೇ, ನೀನು ಕೆಲ್ಸ ಕೇಳ್ಕಂಡು ಓಗ್ತೀಯ. ಅದೇ ತಪ್ಪು ಕಣ್ಲಾ. ಕೇಳ್ಬ್ಯಾಡ, ಕೊಡು. ಏನಾದ್ರೂ ಸಹಾಯ ಮಾಡ್ಬುಟ್ಟು ಸುಮ್ನೆ ಎದ್ದು ಬಾ. ಸಂಬಂಧ ತಾನಾಗೇ ಬೆಳೀತದೆ."

"ಎಲ್ಲಿಗೆ ಹೋಗಿ ಕೊಡ್ಲಿ?"

"ಸಾವಿನ ಮನೆಗೆ ಓಗು. ಮದ್ವೆಗೆ ಸಾವ್ರ ಜನ ಓಗ್ತಾರೆ, ಯಾರ ಮೊಕ ಯಾರಿಗೆ ಗ್ಯಾಪ್ನ ಇರ್ತದೆ? ಸಾವಿನ ಮನೇಲಿ ನಿಂತೋನ ಮೊಕ ಯಾರೂ ಮರೆಯಲ್ಲ ಕಣ್ಲಾ!"

ಈ ಕೊನೆಯ ಮಾತು ಅಕ್ಷರಶಃ ನಿಜವೆಂದು ಮುಂದೆ ರುಜುವಾತಾಯಿತು. ವಿಮೆಯವನು ಸಾವಿನ ಮನೆಗೆ ಹೋದರೆ ಕೈಯಲ್ಲಿ ಚೆಕ್ಕು ಇರುತ್ತದೆ, ನಾನು ಹೋದರೆ ಏನಿರುತ್ತದೆ ಎಂದು ಒಂದು ಕ್ಷಣ ಯೋಚಿಸಬಹುದಿತ್ತು. ಬಸ್ಸು ಬಂತು, ಹತ್ತಿದೆ.

ಯೋಜನೆ ಸರಳವಾಗಿತ್ತು. ಸಾವಾದ ಮನೆಗೆ ಹನ್ನೊಂದನೇ ದಿನದ ತಿಥಿ ಕಾರ್ಡನ್ನು ಉಚಿತವಾಗಿ ಮಾಡಿಕೊಡುವುದು. ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ನಮ್ಮ ಪ್ರೆಸ್ಸಿನ ಹೆಸರು, ಅದರ ಕೆಳಗೆ ಇನ್ನೊಂದು ಸಾಲು: "ಶುಭಕಾರ್ಯಗಳ ಆಹ್ವಾನ ಪತ್ರಿಕೆಗಳನ್ನು ಅಂದವಾಗಿ ಮುದ್ರಿಸಿಕೊಡಲಾಗುವುದು."

ಪುಟ್ಟಸ್ವಾಮಣ್ಣ ಆ ಸಾಲನ್ನು ಜೋಡಿಸುವ ಮೊದಲು ಕನ್ನಡಕ ತೆಗೆದು ಒರೆಸಿಕೊಂಡ.

"ಸಾರ್, ಇದು ಇಲ್ಲೇ ಹಾಕ್ಬೇಕಾ?"

"ಓದುಗನ ಕಣ್ಣು ಕೊನೆಗೆ ನಿಲ್ಲೋದು ಕೊನೇ ಸಾಲಿನ ಮೇಲೆ, ಪುಟ್ಟಸ್ವಾಮಣ್ಣ."

"ನಿಲ್ಲುತ್ತೆ ಸಾರ್. ಅದಕ್ಕೇ ಕೇಳ್ದೆ."

ಮೊದಲ ಕಾರ್ಡು ಬಿಂಡಿಗನವಿಲೆಯದು. ಬೆಳಗಿನ ಬಸ್ಸಿನಲ್ಲಿ ಹೋಗಿ, ಜಗಲಿಯ ಮೇಲೆ ಕೂತು, ನೋಟ್ ಬುಕ್ಕು ತೆಗೆದು ವಿವರ ಬರೆದುಕೊಂಡೆ. ಮೃತರ ಹೆಸರು, ಸತ್ತ ದಿನ, ಮಕ್ಕಳ ಹೆಸರು ಹಿರಿತನದ ಪ್ರಕಾರ. ಮಾರನೇ ದಿನ ಕಾರ್ಡು ಅವರ ಕೈಯಲ್ಲಿತ್ತು. ಅವರು ಅತ್ತುಕೊಂಡೇ ಕೈ ಮುಗಿದರು. ನನಗೆ ಹುಮ್ಮಸ್ಸು ಬಂತು. ಇನ್ನೊಂದು ಮನೆಯವರ ಜೊತೆ ಅಸ್ಥಿ ಬಿಡಲು ಶ್ರೀರಂಗಪಟ್ಟಣದವರೆಗೂ ಹೋಗಿ ಮಂಡಿಯುದ್ದ ನೀರಿನಲ್ಲಿ ನಿಂತೆ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ದೂರದ ನೆಂಟನಿರಬೇಕೆಂದು ನನ್ನ ಕೈಯಲ್ಲೂ ಒಂದು ಹಿಡಿ ಎಳ್ಳು ಕೊಟ್ಟರು. ಬಿಟ್ಟೆ.

ಮೂರು ತಿಂಗಳಲ್ಲಿ ಇಪ್ಪತ್ತು ಮೂವತ್ತು ಸಾವುಗಳನ್ನು ನಿಭಾಯಿಸಿದ್ದೆ. ಮದುವೆ ಒಂದೂ ಬರಲಿಲ್ಲ.

ಕಾರಣ ತಿಳಿದದ್ದು ದೇವಲಾಪುರದಲ್ಲಿ. ಒಂದು ಮನೆಯ ಮುಂದೆ ಹೋಗುತ್ತಿದ್ದಾಗ ಚರಂಡಿಯ ಪಕ್ಕ ನಮ್ಮ ಕಾರ್ಡು ಎರಡು ತುಂಡಾಗಿ ಬಿದ್ದಿತ್ತು. ಮುಂದಿನ ಮನೆಯ ಎದುರೂ ಎರಡು ತುಂಡು. ಅದರ ಮುಂದಿನ ಮನೆಯ ಎದುರು ನಾಲ್ಕು ತುಂಡು! ಸಾವಿನ ಕಾಗದವನ್ನು ಬಾಗಿಲಲ್ಲೇ ಓದಿ, ಹರಿದು, ಆಚೆ ಎಸೆದು ಒಳಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದೆವು. ಆದರೂ ಯಾರೂ ಮನೆಯೊಳಗೆ ಇಟ್ಟುಕೊಳ್ಳದ ಒಂದೇ ಒಂದು ಕಾಗದವನ್ನು ಹುಡುಕಿ ಅದರ ಮೇಲೆ ನಾನು ಜಾಹೀರಾತು ಮುದ್ರಿಸಿದ್ದೆ.

ಸರೋಜಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಈ ಕಾರ್ಡು ನಡುಬಾಗಿಲು ದಾಟಿಸಬೇಡಿ ಅಂತ ಮೊದಲ್ನೇ ದಿನಾನೇ ಹೇಳಿದ್ನಲ್ಲ. ನನಗೊಬ್ಬಳಿಗೇ ಹುಚ್ಚು ಅಂದ್ಕೊಂಡ್ರಾ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಪ್ಪು ಯೋಜನೆಯಲ್ಲಿಲ್ಲ, ವೇಗದಲ್ಲಿದೆ ಎಂದು ನಾನು ತೀರ್ಮಾನಿಸಿದೆ. ಸಾವಾದ ದಿನವೇ ಕಾರ್ಡು ಕೈಗಿಟ್ಟರೆ ಮನೆಯವರು ಜನ್ಮದಲ್ಲಿ ಮರೆಯುವುದಿಲ್ಲ, ಕಾಗದ ಹರಿದರೂ ಉಪಕಾರ ಉಳಿಯುತ್ತದೆ. ಇದಕ್ಕೆ ಪತ್ರಿಕಾ ಕಚೇರಿಯಲ್ಲಿ ಒಂದು ಸಿದ್ಧ ಪದ್ಧತಿ ಉಂಟು. ದೊಡ್ಡವರು ಕಾಯಿಲೆ ಬಿದ್ದರೆ ಅವರ ಮರಣವಾರ್ತೆಯನ್ನು ಮೊದಲೇ ಬರೆದು ಇಟ್ಟಿರುತ್ತಾರೆ. ಸಮಯ ಬಂದಾಗ ತಾರೀಕು ತುಂಬಿದರಾಯಿತು. ಅದನ್ನೇ ನಾನು ನಾಗಮಂಗಲ ತಾಲ್ಲೂಕಿಗೆ ಅನ್ವಯಿಸಿದೆ.

ಒಂದು ದಿನ ಸರೋಜ ನನ್ನ ನೋಟ್ ಬುಕ್ಕು ಹಿಡಿದು ಬಂದಳು.

"ಏನ್ರೀ ಇದು ಪಟ್ಟಿ? ‘ದೇವಲಾಪುರ, ಬೋರೇಗೌಡರು, ಎದೆನೋವು. ಬಿಂಡಿಗನವಿಲೆ, ಪುಟ್ಟಮ್ಮ, ಊಟ ಬಿಟ್ಟಿದ್ದಾರೆ. ಪಾಂಡವಪುರ, ಸಿದ್ದಪ್ಪ...’ ಸಿದ್ದಪ್ಪ ಅಂದ್ರೆ ನಮ್ಮ ಸೋದರಮಾವ!"

"ಕೆಮ್ಮು ಜಾಸ್ತಿಯಾಗಿದೆ ಅಂತ ನೀನೇ ಹೇಳಿದ್ದೆ."

"ಕೆಮ್ಮು ಬಂದ್ರೆ ಕಷಾಯ ಕೊಡ್ತಾರೆ ಕಣ್ರೀ, ಕಾರ್ಡು ಮಾಡಿಸಲ್ಲ!"

ಸೋದರಮಾವನ ಹೆಸರು ಹೊಡೆದು ಹಾಕಿದೆ. ಬೋರೇಗೌಡರದು ಆ ಹೊತ್ತಿಗಾಗಲೇ ಜೋಡಿಸಿ ಮುಗಿದಿತ್ತು. ಪುಟ್ಟಸ್ವಾಮಣ್ಣ ತಪ್ಪು ನೋಡಲು ಒಂದು ಪ್ರೂಫು ತೆಗೆದು ನನಗೆ ಕೊಟ್ಟು, ಮೊಳೆಗಳನ್ನು ದಾರದಿಂದ ಬಿಗಿದು ಮೂಲೆಯಲ್ಲಿಟ್ಟ. ಪ್ರೂಫು ನೋಡಿ, ಸರಿಯಿದೆ ಎಂದು ಹಾಳು ಕಾಗದದ ರಾಶಿಗೆ ಹಾಕಿದೆ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಬೋರೇಗೌಡರು ಸಾಯಲಿಲ್ಲ. ಎದೆನೋವು ಗ್ಯಾಸಿನದಂತೆ. ತಿಂಗಳ ಮೇಲೆ ಅವರ ಹಿರಿಯ ಮಗ ಕೃಷ್ಣೇಗೌಡ ನಮ್ಮ ಪ್ರೆಸ್ಸಿನ ಮುಂದೆ ಮೋಟಾರ್ ಸೈಕಲ್ ನಿಲ್ಲಿಸಿದ.

"ನಮ್ ಉಡ್ಗಿ ಮದ್ವೆ ಗೊತ್ತಾಗೈತೆ. ಪತ್ರಿಕೆ ಮೈಸೂರಲ್ಲಿ ಮಾಡ್ಸಾನ ಅಂದೆ. ನಮ್ಮಪ್ಪ ಒಪ್ನಿಲ್ಲ. ‘ನಮ್ಮಕ್ಕ ಸತ್ತಾಗ ಮಳೇಲಿ ನೆನ್ಕಂಡು ಬಂದು ಪುಕ್ಸಟ್ಟೆ ಕಾರ್ಡ್ ಮಾಡ್ಕೊಟ್ಟ ಮಾರಾಯ ಅವ್ನು, ಅವ್ನಿಗೇ ಕೊಡು’ ಅಂದ್ಬುಟ್ರು. ಎರಡು ಸಾವ್ರ ಬೇಕು. ಬುಧವಾರ ಕೆ.ಆರ್. ಪೇಟೆಯಿಂದ ಬೀಗ್ರು ಬತ್ತಾವ್ರೆ. ಸ್ಯಾಂಪಲ್ ತಕ್ಕಂಡು ಬಂದ್ಬುಡಿ."

ಚನ್ನೇಗೌಡನ ಮಾತು ನಿಜವಾಗಿತ್ತು! ಕೊಟ್ಟಿದ್ದೆ, ಸುಮ್ಮನೆ ಎದ್ದು ಬಂದಿದ್ದೆ, ಸಂಬಂಧ ತಾನಾಗೇ ಬೆಳೆದಿತ್ತು. ಬೋರೇಗೌಡರ ಮನೆಯ ಮದುವೆ ಪತ್ರಿಕೆ ದೇವಲಾಪುರ ಹೋಬಳಿಯ ಪ್ರತಿ ಮನೆಯ ದೇವರ ಗೂಡಿಗೆ ಹೋಗುತ್ತದೆ. ಅದರ ಕೆಳಗೆ ನಮ್ಮ ಹೆಸರಿರುತ್ತದೆ. ಯುಗಾದಿಗೆ ಇನ್ನೂ ಐದು ವಾರವಿತ್ತು. ಪುಟ್ಟಸ್ವಾಮಣ್ಣ ಒಳಗಿಂದ ಮದುವೆ ಪತ್ರಿಕೆಯ ನೆತ್ತಿಗೆ ಒತ್ತುವ ಗಣಪತಿಯ ಬ್ಲಾಕು ತೆಗೆದು, ಸೀಮೆಎಣ್ಣೆಯಲ್ಲಿ ಹಳೆಯ ಬ್ರಷ್ಷಿನಿಂದ ತಿಕ್ಕಲು ಕೂತ. ಸೊಂಡಿಲಿನ ಸಂದಿಯನ್ನು ಬೆಂಕಿಕಡ್ಡಿಯಲ್ಲಿ ಬಿಡಿಸಿದ. ಊರಿಗೆ ಬಂದ ಮೇಲೆ ಅವನು ಹಾಡು ಗುನುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬುಧವಾರ ಬೆಳಿಗ್ಗೆ ಅವನು ಮಸಿ ತರಲು ಪೇಟೆಗೆ ಹೋಗಿದ್ದ. ಬಸ್ಸಿಗೆ ಹೊತ್ತಾಯಿತೆಂದು ಸ್ಯಾಂಪಲ್ ಕಾರ್ಡುಗಳ ಕಟ್ಟನ್ನು ನಾನೇ ಕಟ್ಟಿದೆ. ಪ್ರೆಸ್ಸಿನಲ್ಲಿ ಹಾಳು ಪ್ರೂಫನ್ನು ಎಸೆಯುವುದಿಲ್ಲ, ಅದರಲ್ಲೇ ಕಟ್ಟು ಕಟ್ಟುತ್ತಾರೆ. ರಾಶಿಯಿಂದ ಒಂದು ಹಾಳೆ ಎಳೆದು, ಖಾಲಿ ಬದಿ ಆಚೆ ಬರುವಂತೆ ನೀಟಾಗಿ ಸುತ್ತಿ, ದಾರ ಬಿಗಿದು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಶುಭಕಾರ್ಯ ನೋಡಿ!

ದೇವಲಾಪುರದ ಹಜಾರದಲ್ಲಿ ಜಮಖಾನ ಹಾಸಿತ್ತು. ಕೆ.ಆರ್. ಪೇಟೆಯ ಬೀಗರು, ಅವರ ಹೆಂಡತಿ, ಜೊತೆಗೆ ಇಬ್ಬರು ಹಿರಿಯರು. ಬಾಗಿಲ ಹಿಂದೆ ಹೆಣ್ಣುಮಕ್ಕಳ ಬಳೆ ಸದ್ದು. ಬೋರೇಗೌಡರು ಮಂಚದ ಮೇಲೆ ಕೂತು ನನ್ನನ್ನು ಪಕ್ಕಕ್ಕೆ ಕರೆದರು. ಕಟ್ಟನ್ನು ತಾವೇ ತೆಗೆದುಕೊಂಡರು. ಅವರು ದಾರ ಕತ್ತರಿಸುವ ಪೈಕಿಯಲ್ಲ. ಗಂಟು ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿಟ್ಟು, ಸುತ್ತಿದ್ದ ಕಾಗದವನ್ನು ತೊಡೆಯ ಮೇಲೆ ಹರಡಿ ಅಂಗೈಯಿಂದ ಸವರಿದರು. ಒಳಗಿನ ಅಕ್ಷರ ಕಂಡಿತು. ಅಕ್ಷರ ಕಂಡರೆ ಗಟ್ಟಿಯಾಗಿ ಓದುವುದು ಅವರ ಹಳೆಯ ಅಭ್ಯಾಸ.

"‘ನಮ್ಮ ಪೂಜ್ಯ ತಂದೆಯವರಾದ ದೇವಲಾಪುರದ ಶ್ರೀಮಾನ್ ಬೋರೇಗೌಡರು...’ ಓ! ನನ್ನೆಸ್ರೇ ಮೊದ್ಲು ಹಾಕವ್ನೆ ಕಣ್ರಪ್ಪ!"

"ಇರ್ಬೇಕಲ್ವರಾ, ಮನೆಗೆ ಇರೀಕ್ರು ನೀವು" ಎಂದರು ಬೀಗರು.

ನಾನು ಕಾಗದದ ಕಡೆ ನೋಡಿದೆ. ಹಾಳು ರಾಶಿಗೆ ನಾನೇ ಹಾಕಿದ್ದ ಪ್ರೂಫು.

"‘ದಿನಾಂಕ’... ಇಲ್ಲಿ ಖಾಲಿ ಬುಟ್ಟವ್ನೆ... ‘ರಂದು ದೈವಾಧೀನರಾದ ಪ್ರಯುಕ್ತ...’"

ಗೌಡರು ನಿಲ್ಲಿಸಿದರು. ಬಾಗಿಲ ಹಿಂದಿನ ಬಳೆ ಸದ್ದೂ ನಿಂತಿತು. ಬೀಗರ ಹೆಂಡತಿ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಗೌಡರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಯಾವತ್ತು ಅಂತ ಗೊತ್ತಾಗ್ನಿಲ್ವೇನಪ್ಪ?"

"ಗೌಡ್ರೇ, ಅದು... ಮುಂಜಾಗ್ರತೆಗೆ..."

"ಯಾರ ಮುಂಜಾಗ್ರತೆ? ನಂದಾ, ನಿಂದಾ?"

"ಪತ್ರಿಕೆಗಳಲ್ಲಿ ದೊಡ್ಡ ಮನುಷ್ಯರದ್ದು ಮೊದಲೇ ತಯಾರು ಮಾಡಿ ಇಟ್ಟಿರ್ತಾರೆ ಗೌಡ್ರೇ. ಅದೊಂದು ಗೌರವ."

"ಓಹೋ, ಗೌರವ್ವಾ!" ಎಂದು ಅವರು ಮುಂದೆ ಓದಿದರು. ಕೃಷ್ಣೇಗೌಡ ಕಾಗದ ಕಿತ್ತುಕೊಳ್ಳಲು ಕೈ ಚಾಚಿದ. ಮುದುಕರು ಅವನ ಕೈ ತಳ್ಳಿದರು. "‘ಕೋರುವ ದುಃಖತಪ್ತ ಮಗ, ಕೃಷ್ಣೇಗೌಡ ಮತ್ತು ಕುಟುಂಬದವರು.’ ಅಷ್ಟೇಯಾ? ನಂಜ ಎಲ್ಲವ್ನೆ ಇದ್ರಲ್ಲಿ?"

ನಂಜೇಗೌಡ ಎರಡನೇ ಮಗ. ಆಸ್ತಿ ಭಾಗವಾದಾಗ ಜಗಳವಾಡಿಕೊಂಡು ಪಾಂಡವಪುರದ ಕಡೆ ಹೋದವನು ಆರು ವರ್ಷದಿಂದ ಮನೆಗೆ ಕಾಲಿಟ್ಟಿರಲಿಲ್ಲ. ಖಚಿತವಾಗದ್ದನ್ನು ಅಚ್ಚು ಮಾಡಬಾರದು ಎಂಬುದು ನನ್ನ ವೃತ್ತಿಧರ್ಮ. ಹೋಟೆಲಿನಲ್ಲಿ ಇಬ್ಬರನ್ನು ವಿಚಾರಿಸಿ, ಅವನು ತಿಥಿಗೆ ಬರುವುದಿಲ್ಲವೆಂದು ಖಚಿತಪಡಿಸಿಕೊಂಡು ಕೈಬಿಟ್ಟಿದ್ದೆ.

"ಇನ್ನೊಬ್ರು ಮಗ ಅವ್ರಾ?" ಬೀಗರು ಕೃಷ್ಣೇಗೌಡನ ಕಡೆ ತಿರುಗಿದರು. "ನಮಗೆ ಯೇಳ್ನೇ ಇಲ್ವಲ್ಲ. ಒಬ್ನೇ ಮಗ ಅಂದ್ರಿ."

"ಕಿಷ್ಣ," ಮುದುಕರ ಧ್ವನಿ ಇಳಿದಿತ್ತು. "ನಾನಿನ್ನೂ ಕೂತಿವ್ನಿ. ಈಗ್ಲೇ ಅವನ್ನ ತೆಗ್ಸಾಕ್ಬುಟ್ಯಾ? ನೀನೇನ್ಲಾ ಬರ್ಸಿದ್ದು?"

"ನಾನ್ಯಾಕಪ್ಪ ಬರ್ಸನೆ! ಈ ಮನೆಹಾಳ..." ಎಂದು ಕೃಷ್ಣೇಗೌಡ ಎದ್ದು ನಿಂತ.

ಮುಂದಿನ ವಿಶೇಷಣಗಳನ್ನು ಸ್ಥಳಾಭಾವದಿಂದ ಕೈಬಿಟ್ಟಿದ್ದೇನೆ. ಬೀಗರು ಯೋಚನೆ ಮಾಡಿ ಹೇಳುತ್ತೇವೆಂದು ಎದ್ದರು. ಬಾಗಿಲ ಹಿಂದೆ ಮದುವೆ ಹುಡುಗಿ ಬಿಕ್ಕುವುದು ಕೇಳಿಸಿತು. ಅದು ಮಾತ್ರ ನನಗೆ ಇವತ್ತಿಗೂ ತಮಾಷೆಯಾಗಿ ಕಂಡಿಲ್ಲ. ನಾನು ಮೆಟ್ಟಿಲಿಳಿಯುವಾಗ ತಿರುಗಿ ನೋಡಿದೆ. ಬೋರೇಗೌಡರು ಆ ಪ್ರೂಫನ್ನು ಹರಿದಿರಲಿಲ್ಲ. ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು.

ಪ್ರೆಸ್ಸಿನಲ್ಲಿ ಪುಟ್ಟಸ್ವಾಮಣ್ಣ ಮಿಷನ್ನಿಗೆ ಎಣ್ಣೆ ಬಿಟ್ಟು ಕಾಯುತ್ತಿದ್ದ.

"ಯಾವ ಕಾರ್ಡು ಒಪ್ಪಿದ್ರು ಸಾರ್?"

"ತಿಥಿದು."

ಎಲ್ಲ ಹೇಳಿದೆ. ಅವನು ಗಣಪತಿಯ ಬ್ಲಾಕನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ. ಸ್ವಲ್ಪ ಹೊತ್ತಾದ ಮೇಲೆ, "ಗೌಡರ ಮ್ಯಾಟರ್ ಬಿಚ್ಚಿ ಮೊಳೆ ಖಾನೆಗೆ ಹಾಕ್ಲಾ ಸಾರ್?" ಎಂದ. ಹಾಕಿ ಎಂದೆ. ಅವನು ಹಾಕಲಿಲ್ಲ. ಆ ಮೊಳೆಗಳು ಬೇಕಾಗುವಂಥ ಬೇರೆ ಕೆಲಸ ಬರಲಿಲ್ಲ, ಅಷ್ಟೆ.

ಸುದ್ದಿ ಹಬ್ಬಿತು. ಇಷ್ಟು ಬೇಗ ಹಬ್ಬಿದ ನನ್ನ ಸುದ್ದಿ ಬೇರೊಂದಿಲ್ಲ. ಕಾಯಿಲೆಯವರನ್ನು ನೋಡಲು ಹೋದರೆ ಮಂಚದ ಮೇಲಿದ್ದವರು ಎದ್ದು ಕೂತು ತಾವು ಚೆನ್ನಾಗಿದ್ದೇವೆಂದು ತೋರಿಸುತ್ತಿದ್ದರು. ಸಂತೆಯಲ್ಲಿ ನನ್ನ ಜೊತೆ ಮಾತಿಗೆ ನಿಂತ ಒಬ್ಬ ಅಜ್ಜನನ್ನು ಅವನ ಹೆಂಡತಿ ತೋಳು ಹಿಡಿದು ಎಳೆದುಕೊಂಡು ಹೋದಳು. "ಅವ್ನ ಕುಟ್ಟೆ ಎಸ್ರು ಯೇಳ್ಬ್ಯಾಡಿ ಅಂದ್ರೆ ಕೇಳಲ್ವಲ್ಲ!"

ಯುಗಾದಿ ಬಂತು. ಸರೋಜ ಬೇವು ಬೆಲ್ಲ ಕೊಟ್ಟಳು. ನನ್ನ ಪಾಲಿಗೆ ಬೇವು ಹೆಚ್ಚಿದ್ದಂತೆ ಕಂಡಿತು. ಮಾರನೇ ದಿನ ಕೋಣೆಯ ಬಾಗಿಲಲ್ಲಿ ನಿಂತು, "ಪುಟ್ಟಸ್ವಾಮಣ್ಣಂಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು.

"ಹೇಳೋದು ಬ್ಯಾಡಿ ಅಕ್ಕಾವ್ರೇ," ಒಳಗಿಂದ ಪುಟ್ಟಸ್ವಾಮಣ್ಣನ ಧ್ವನಿ ಬಂತು. "ನನಗೆ ಓದಕ್ಕೆ ಬರ್ತದೆ. ಗೋಡೆ ಮೇಲೆ ಕ್ಯಾಲೆಂಡರ್ ಐತಲ್ಲ."

ಮದುವೆ ನಡೆಯಿತು. ಬೋರೇಗೌಡರೇ ಪಾಂಡವಪುರಕ್ಕೆ ಹೋಗಿ ನಂಜೇಗೌಡನನ್ನು ಕರೆತಂದು ಬೀಗರ ಮುಂದೆ ಕೂರಿಸಿ ಮಾತಾಡಿಸಿದರಂತೆ. ಪತ್ರಿಕೆ ಮೈಸೂರಿನಲ್ಲಿ ಅಚ್ಚಾಯಿತು. ನಮಗೆ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ.

ಮದುವೆಯಾದ ಮೂರನೇ ವಾರ, ಮಿಷನ್ನಿಗೆ ಗಿರಾಕಿ ಗೊತ್ತಾಗುವವರೆಗೆ ಉಳಿದಿದ್ದ ಪುಟ್ಟಸ್ವಾಮಣ್ಣ ಮೈಸೂರಿಗೆ ಹೊರಡಲು ಗಂಟು ಕಟ್ಟುತ್ತಿದ್ದ ಬೆಳಿಗ್ಗೆ, ಅದೇ ಮೋಟಾರ್ ಸೈಕಲ್ ನಿಂತಿತು. ಕೃಷ್ಣೇಗೌಡ ಇಳಿದ. ಹಿಂದಿನ ಸೀಟಿನಿಂದ ನಂಜೇಗೌಡ ಇಳಿದ. ಇಬ್ಬರ ಹೆಗಲ ಮೇಲೂ ಟವಲ್ಲಿತ್ತು. ನಾನು ಎದ್ದು ನಿಂತೆ.

"ನೆನ್ನೆ ಓಗ್ಬುಟ್ರು," ಎಂದ ಕೃಷ್ಣೇಗೌಡ. "ನಿಮ್ಮತ್ರ ಬರೋ ಮನ್ಸಿರ್ಲಿಲ್ಲ ನಂಗೆ. ನಿಜ ಯೇಳ್ತೀನಿ. ಅಪ್ಪನೇ ಯೇಳ್ಬುಟ್ಟು ಓಗವ್ರೆ. ‘ಅವ್ನು ಜೋಡ್ಸಿ ಮಡ್ಗವ್ನೆ, ತಾರೀಕು ಹಾಕಿದ್ರಾಯ್ತು, ಇನ್ನೊಂದ್ಕಡೆ ಯಾಕೆ’ ಅಂತ."

ನಂಜೇಗೌಡ ಜೇಬಿನಿಂದ ಕಾಗದ ತೆಗೆದು ಕೊಟ್ಟ. ಅದೇ ಪ್ರೂಫು. ಮಡಿಕೆಗಳಲ್ಲಿ ಸವೆದಿತ್ತು, ಮೂಲೆಯ ಅರಿಶಿನ ಹಾಗೇ ಇತ್ತು. ಬೋರೇಗೌಡರು ಪೆನ್ಸಿಲಿನಲ್ಲಿ ತಿದ್ದಿದ್ದರು. ‘ಶ್ರೀಮಾನ್’ ಹೊಡೆದು ಹಾಕಿದ್ದರು. ‘ಮಗ’ ಎಂಬುದು ‘ಮಕ್ಕಳು’ ಆಗಿತ್ತು. ಕೃಷ್ಣೇಗೌಡನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ನಂಜೇಗೌಡ’ ಎಂದಿತ್ತು. ಕೆಳಗೆ ನಮ್ಮ ಶುಭಕಾರ್ಯಗಳ ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: "ಇದು ಬ್ಯಾಡ."

ಪುಟ್ಟಸ್ವಾಮಣ್ಣ ಗಂಟು ಬಿಚ್ಚಿದ. ಮೂಲೆಯಿಂದ ಮ್ಯಾಟರ್ ತಂದು, ದಾರ ಸಡಿಲಿಸಿ, ಒಂದು ಹೆಸರಿಗೆ ಜಾಗ ಮಾಡಿದ. ತಾರೀಕು ಹಾಕಿದ. ಮಧ್ಯಾಹ್ನದೊಳಗೆ ಕಾರ್ಡು ಮುಗಿಯಿತು. ಅಣ್ಣತಮ್ಮಂದಿರಿಬ್ಬರೂ ಹೊರಗೆ ಕಲ್ಲಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಹೋಗುವಾಗ ಒಂದೇ ಮೋಟಾರ್ ಸೈಕಲಿನಲ್ಲಿ ಹೋದರು. ಸಂಬಂಧ ಬೆಳೆಸುವುದು ನನ್ನ ಯೋಜನೆಯಾಗಿತ್ತು. ಬೆಳೆಯಿತು. ಅವರಿಬ್ಬರದು.

"ನಮ್ ಪ್ರೆಸ್ಸಲ್ಲಿ ಒಂದೂ ತಪ್ಪಿಲ್ದೆ ಬಂದ ಕೆಲಸ ಇದೊಂದೇ ಸಾರ್" ಎಂದ ಪುಟ್ಟಸ್ವಾಮಣ್ಣ, ಕೈ ಒರೆಸಿಕೊಳ್ಳುತ್ತ.

ನಿಜ. ಪ್ರೂಫು ತಿದ್ದಿದವರು ಸ್ವತಃ ಮೃತರೇ.

ಅವನು ಸಂಜೆ ನಾಲ್ಕರ ಬಸ್ಸಿಗೆ ಹೋದ. ಮೈಸೂರಿನಲ್ಲಿ ಯಾವುದೋ ಕಂಪ್ಯೂಟರ್ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಗೋಂದು ಹಚ್ಚುವ ಕೆಲಸವಂತೆ. ಮಸಿ ತಪ್ಪುವುದಿಲ್ಲ ಎಂದು ನಾನು ಕೊಟ್ಟ ಮಾತಿನ ಬಗ್ಗೆ ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪ್ರತಿ ಕೆಲಸದ ಒಂದು ಪ್ರತಿಯನ್ನು ಕಡತದಲ್ಲಿ ಇಡುವುದು ನನ್ನ ಹಳೆಯ ಅಭ್ಯಾಸ. ಬೋರೇಗೌಡರ ಕಾರ್ಡನ್ನು ಹಿಡಿದು ನಡುಬಾಗಿಲ ಹತ್ತಿರ ಬಂದೆ. ಸರೋಜ ಅಲ್ಲೇ ತಡೆದಳು. ನನ್ನ ಕೈಯಿಂದ ತೆಗೆದುಕೊಂಡು ಪೂರ್ತಿ ಓದಿದಳು. ಆಮೇಲೆ ಎರಡು ತುಂಡು ಮಾಡಿ ಬೀದಿಗೆ ಹಾಕಿ, "ಕೈಕಾಲು ತೊಳ್ಕೊಂಡು ಒಳಗೆ ಬನ್ನಿ" ಎಂದಳು.

ಈಗ ಆ ಕೋಣೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಾರೆ. ನಾನು ಮತ್ತೆ ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುತ್ತೇನೆ. ಮೊನ್ನೆ ಬಿಂಡಿಗನವಿಲೆಯಲ್ಲಿ ಹಳೆಯ ಪರಿಚಯದ ಹಿರಿಯರೊಬ್ಬರಿಗೆ ಜ್ವರವೆಂದು ತಿಳಿಯಿತು. ಯಾವ ವ್ಯಾಪಾರದ ಉದ್ದೇಶವೂ ಇಲ್ಲದೆ, ಬರೀ ಪ್ರೀತಿಯಿಂದ, ನಾಲ್ಕು ಮೂಸಂಬಿ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ಸೊಸೆ ಅರ್ಧ ಬಾಗಿಲು ತೆರೆದು ನನ್ನನ್ನು ನೋಡಿ, ಒಳಗೊಮ್ಮೆ ತಿರುಗಿ ನೋಡಿ, ಮೆಲ್ಲಗೆ ಹೇಳಿದಳು:

"ಇನ್ನೂ ಚೆನ್ನಾಗವ್ರೆ ಕಣಣ್ಣ. ಓಗ್ಬುಟ್ಟು ಬನ್ನಿ."